ಗಾಳಿ ಟೈರೋ ಗಟ್ಟಿ ಟೈರೋ

ಕಳೆದ ತಿಂಗಳು ಮೂರು ದಿನ ನಮ್ಮ ಮನೆಯ ವರಾಂಡದಲ್ಲಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕಕ್ಕೆ, ಎರಡು ಹೊಸ ಚಕ್ರಗಳು ಗೋಡೆಗೆ ಒರಗಿ ಕೂತಿದ್ದವು. ಎತ್ತರ ಒಂದೇ, ಬಣ್ಣ ಒಂದೇ. ದೂರದಿಂದ ನೋಡಿದರೆ ಅವಳಿ ಮಕ್ಕಳು. ಹೆಬ್ಬೆರಳಿನಿಂದ ಒತ್ತಿದಾಗ ಮಾತ್ರ ಗುಟ್ಟು ತಿಳಿಯುತ್ತಿತ್ತು. ಒಂದು ಚಕ್ರ ಬೆರಳಿಗೆ ಒಂದಿಷ್ಟು ಸೋತು, ಬಿಟ್ಟ ಕೂಡಲೇ ಮತ್ತೆ ಏಳುತ್ತಿತ್ತು, ಅದರೊಳಗೆ ಗಾಳಿ. ಇನ್ನೊಂದು ಚಕ್ರ ಬೆರಳನ್ನೇ ನೋಯಿಸುತ್ತಿತ್ತು. ಅದು ಒಳಗೂ ಹೊರಗೂ ಬರೀ ರಬ್ಬರು. ಆ ಮೂರು ದಿನ ನಮ್ಮ ಮನೆಗೆ ಬಂದವರು ಯಾರೂ ಅವನ್ನು ಒತ್ತದೆ ಹೋಗಲಿಲ್ಲ. ಹಾಲಿನವರು ಒತ್ತಿದರು, ಮೀಟರ್ ಓದಲು ಬಂದವರು ಒತ್ತಿದರು, ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಆಫೀಸಿಗೆ ಹೊರಟವಳು ಬಗ್ಗಿ ಒತ್ತಿ, "ಆಂಟಿ, ಇದು ಸಖತ್ ಗಟ್ಟಿ, ಇದನ್ನೇ ಇಟ್ಕೊಳ್ಳಿ" ಎಂದು ತೀರ್ಪು ಕೊಟ್ಟು ಸ್ಕೂಟರ್ ಹತ್ತಿದಳು. ಯಾತಕ್ಕೆ ಎಂದು ಕೇಳಲೂ ಇಲ್ಲ. ನೀವು ಬಂದಿದ್ದರೂ ಒತ್ತುತ್ತಿದ್ದಿರಿ, ನನಗೆ ಗೊತ್ತು.

ಯಾತಕ್ಕೆ ಎಂದು ನಿಮಗಾದರೂ ಹೇಳಿಬಿಡುತ್ತೇನೆ. ಪುಟ್ಟೇನಹಳ್ಳಿಯಲ್ಲಿ ನಮ್ಮ ಹೊಲವಿದ್ದ ಕಡೆಯೆಲ್ಲ ಈಗ ಮನೆಗಳು. ಹೊಲ ಹೋದ ಮೇಲೂ ನಮ್ಮ ಯಜಮಾನರಿಗೆ ಟ್ರ್ಯಾಕ್ಟರ್ ಮಾರುವ ಮನಸ್ಸಾಗಲಿಲ್ಲ. ಅದರ ಹಿಂದೆ ಕಟ್ಟಿಕೊಂಡು ಎಳೆಯುವಂಥ, ಹುಲ್ಲು ಕತ್ತರಿಸುವ ಯಂತ್ರವೊಂದನ್ನು ಎಲ್ಲಿಂದಲೋ ಹುಡುಕಿ ತಂದರು. ನಮ್ಮ ಮನೆಯಲ್ಲಿ ಅದರ ಹೆಸರು ಹುಲ್ಲಿನ ಮಿಷನ್. ಜೆ.ಪಿ. ನಗರದ ಒಂದು ಶಾಲೆಯ ಆಟದ ಮೈದಾನ, ಇನ್ನೂ ಮನೆ ಕಟ್ಟದೆ ಹುಲ್ಲು ಬೆಳೆದು ನಿಂತ ಖಾಲಿ ಸೈಟುಗಳು, ಇವೇ ಅವರ ಹೊಸ ಹೊಲಗಳಾದವು. ಬಿತ್ತದೆ ಬೆಳೆಯುವ ಬೆಳೆ, ವರ್ಷವಿಡೀ ಕೊಯ್ಲು ಎಂದು ನಗುತ್ತಿದ್ದರು. ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ, ಕಾಫಿ ಕುಡಿದ ಲೋಟವನ್ನು ಪಕ್ಕದಲ್ಲಿಟ್ಟು, ಕೂತಲ್ಲೇ ಹೊರಟುಹೋದರು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಇನ್ನೂ ಬರುವುದಿಲ್ಲ.

ಈಗ ಟ್ರ್ಯಾಕ್ಟರ್ ಓಡಿಸುವುದು ನನ್ನ ಮೈದುನ ಗೋಪಾಲ. ಖಾಲಿ ಸೈಟೆಂದರೆ ಒಡೆದ ಬಾಟಲಿ, ಸೆಂಟ್ರಿಂಗ್ ಹಲಗೆಯ ಮೊಳೆ, ಜಾಲಿ ಮುಳ್ಳು. ಮಿಷನ್ನಿನ ಗಾಳಿ ಟೈರು ವಾರಕ್ಕೊಮ್ಮೆಯಾದರೂ ಪಂಕ್ಚರ್ ಆಗುತ್ತಿತ್ತು. ಜೂನ್‌ನಲ್ಲಿ ಶಾಲೆಯ ಮೈದಾನದ ನಡುವೆಯೇ ಟುಸ್ಸೆಂದು ಕೂತು, ಮೈದಾನ ಎರಡು ದಿನ ಅರ್ಧ ಬೋಳಿಸಿದ ತಲೆಯ ಹಾಗೆ ಉಳಿಯಿತು. ಕಳೆದ ತಿಂಗಳು ಸ್ಪೋರ್ಟ್ಸ್ ಡೇ ಹತ್ತಿರ ಬಂದಾಗ ಆಟದ ಮೇಡಂ ನನಗೇ ಫೋನ್ ಮಾಡಿದರು. "ಆಂಟಿ, ಅಂಕಲ್ ಮುಖ ನೋಡ್ಕೊಂಡು ಇಷ್ಟು ದಿನ ಸುಮ್ನಿದ್ವಿ. ಶನಿವಾರ ಸ್ಪೋರ್ಟ್ಸ್ ಡೇ. ಈ ಸಲಾನೂ ಹಿಂಗೇ ಆದ್ರೆ ಬೇರೆಯವರನ್ನ ನೋಡ್ಕೋಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ." ಶಾಲೆ ಕೈಬಿಟ್ಟರೆ ಉಳಿದ ಚಿಲ್ಲರೆ ಕೆಲಸಕ್ಕೆ ಟ್ರ್ಯಾಕ್ಟರ್ ಇಟ್ಟುಕೊಳ್ಳುವುದರಲ್ಲಿ ಅರ್ಥವಿರಲಿಲ್ಲ. ಅದು ಹೋದರೆ ಯಜಮಾನರ ಕೆಲಸವೂ ಅವರ ಹಿಂದೆಯೇ ಹೋದ ಹಾಗೆ.

"ಗಟ್ಟಿ ಟೈರು ಹಾಕ್ಸಿಬಿಡೋಣ ಅತ್ಗೆ. ಮೊಳೆ ಅಲ್ಲ, ಕತ್ತಿ ಚುಚ್ಚಿದ್ರೂ ಏನೂ ಆಗಲ್ಲ" ಎಂದ ಗೋಪಾಲ.

"ನಿಮ್ಮಣ್ಣ ಬೇಡ ಅಂತಿದ್ರಲ್ಲೋ."

"ಅಣ್ಣ ಮೊಬೈಲೂ ಬೇಡ ಅಂತಿದ್ದ. ಆಮೇಲೆ ಕೈಯಿಂದ ಕೆಳಗಿಟ್ನಾ?"

ಬನಶಂಕರಿಯ ಟೈರ್ ಅಂಗಡಿಯವರು ನಮ್ಮ ಜಗ್ಗಾಟ ನೋಡಿ, "ಒಂದೊಂದು ತಗೊಂಡ್ ಹೋಗಿ ಮೇಡಂ, ಮನೇಲಿ ಇಟ್ಕೊಂಡು ಯೋಚ್ನೆ ಮಾಡಿ. ಬೇಡದ್ದು ವಾಪಸ್ ತನ್ನಿ" ಎಂದು ಎರಡನ್ನೂ ಕೊಟ್ಟು ಕಳಿಸಿದರು. ಹಾಗೆ ಬಂದವು ಆ ಅವಳಿಗಳು.

ಗಾಳಿ ಟೈರಿನ ಮೇಲೆ ಯಜಮಾನರಿಗೆ ಅಷ್ಟು ಮೋಹ ಏಕೆ ಎಂಬುದು ನನಗೆ ತಿಳಿದದ್ದು ಅವರ ಹನ್ನೊಂದನೆಯ ದಿನದ ಕಾರ್ಯದಂದು. ನನಗೆ ಗುರುತೇ ಇಲ್ಲದ ಜನ ಬರತೊಡಗಿದರು. ಜಯನಗರದಿಂದ ಬಂದ ವಯಸ್ಸಾದ ಅಕ್ಕತಂಗಿಯರು, ಬಿಟಿಎಂ ಲೇಔಟಿನ ಒಬ್ಬ ಟೈಲರು, ಬೇಗೂರಿನ ಕಡೆಯ ದಂಪತಿ. ಹೇಗೆ ಪರಿಚಯ ಎಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ನಮ್ಮ ಗೇಟ್ ಮುಂದೆ ಒಂದ್ಸಲ ಪಂಕ್ಚರ್ ಆಗಿತ್ತಮ್ಮ." ಪಂಕ್ಚರ್ ಹಾಕುವವನು ಬರುವ ತನಕ ಇವರು ಆ ಮನೆಯ ಕಟ್ಟೆಯ ಮೇಲೆ ಕೂತು, ನೀರು ಕೇಳಿ, ಕಾಫಿ ಕುಡಿದು, ತೆಂಗಿನ ಗಿಡಕ್ಕೆ ಯಾವ ಗೊಬ್ಬರ ಎಂದು ಹೇಳಿ, ಆಮೇಲೆ ಆ ಮನೆಯವರ ಮಗಳ ಮದುವೆಗೂ ಹೋಗಿಬಂದಿದ್ದರಂತೆ. ನಾನೋ, ಅನ್ನ ಆರಿಹೋಯಿತೆಂದು ಆ ಒಂದೊಂದು ಮಧ್ಯಾಹ್ನವೂ ಸಿಡುಕಿದ್ದೆ. ಅಂದು ಅಷ್ಟು ಜನರ ನಡುವೆ, ಅಂಥ ದಿನದಲ್ಲಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕುಬಿಟ್ಟೆ. ಅಳುತ್ತಿದ್ದಾಳೆಂದು ಯಾರೋ ಬೆನ್ನು ಸವರಿದರು. ಅದೂ ಸುಳ್ಳಲ್ಲ.

ಆಮೇಲಿನ ದಿನಗಳಲ್ಲಿ ನಾನು ಮಾತ್ರ ಗಟ್ಟಿ ಟೈರಾಗಲು ಹೊರಟೆ. ಯಾರು ಏನು ಕೇಳಿದರೂ ನನಗೆ ಚುಚ್ಚಬಾರದು, ಯಾರ ಮುಂದೆಯೂ ಕುಸಿಯಬಾರದು. ಎಲ್ಲರೂ ಮೆಚ್ಚಿದರು, ಎಷ್ಟು ಧೈರ್ಯ ಎಂದರು. ಆದರೆ ಗಟ್ಟಿ ಚಕ್ರದ ಕಷ್ಟ ಅದರ ಮೇಲಿರುವ ಯಂತ್ರಕ್ಕೇ ಗೊತ್ತು. ದಾರಿಯ ಪ್ರತಿ ಕಲ್ಲೂ ನೇರವಾಗಿ ಮೈಯೊಳಗೆ ಬಡಿಯುತ್ತದೆ, ಒಂದೊಂದೇ ನಟ್ಟು ಸಡಿಲವಾಗುತ್ತದೆ. ಒಂದು ದಿನ ಬೇಳೆ ಡಬ್ಬಿಯ ಮುಚ್ಚಳ ತೆಗೆಯಲು ಬಾರದೆ ಅಡುಗೆಮನೆಯ ನೆಲದ ಮೇಲೆ ಕೂತು ಒಂದು ಗಂಟೆ ಅತ್ತೆ. ಹಾಗಾಗಿ ಅಂಗಡಿಯವರು ಚಕ್ರಗಳನ್ನು ಕೊಟ್ಟಾಗ ನನ್ನ ಮನಸ್ಸು ಗಾಳಿಯ ಕಡೆಗೇ ವಾಲಿತ್ತು. ಗಟ್ಟಿ ಟೈರು ಹಾಕಿಸಿದರೆ ಯಜಮಾನರ ಮಾತನ್ನು ಮಾತ್ರವಲ್ಲ, ಆ ಕಟ್ಟೆಗಳನ್ನೂ ಕಾಫಿಗಳನ್ನೂ ಕಿತ್ತು ಎಸೆದಂತೆ ಎನಿಸುತ್ತಿತ್ತು.

ಮೂರನೆಯ ದಿನ ಗೋಪಾಲ ಸುಮ್ಮನಿರಲಾರದೆ, "ಓಡ್ಸಿ ನೋಡಿದ್ರೆ ತಾನೇ ಗೊತ್ತಾಗೋದು" ಎಂದು ಎರಡನ್ನೂ ಮಿಷನ್ನಿಗೆ ಹಾಕಿದ. ಎರಡನ್ನೂ ಎಂದರೆ, ಎಡಕ್ಕೆ ಗಾಳಿಯದು, ಬಲಕ್ಕೆ ಗಟ್ಟಿಯದು. ಪಕ್ಕದ ಬೀದಿಯ ಖಾಲಿ ಸೈಟಿನಲ್ಲಿ ನಾನು ಹಿಂದೆ ಹಿಂದೆ ನಡೆದೆ. ಭಾರ ಬಿದ್ದೊಡನೆ ಗಾಳಿ ಟೈರು ತುಸು ತಗ್ಗಿತು, ಗಟ್ಟಿಯದು ಬಗ್ಗಲಿಲ್ಲ. ಮಿಷನ್ ಒಂದು ಭುಜ ಇಳಿಸಿಕೊಂಡೇ ಸಾಗಿತು. ಎಡಕ್ಕೆ ಹುಲ್ಲು ನುಣ್ಣಗೆ, ಬಲಕ್ಕೆ ಪಾದ ಮುಚ್ಚುವಷ್ಟು. ಪಕ್ಕದ ಮನೆಯ ನಿವೃತ್ತ ಮೇಷ್ಟರು ಕಾಂಪೌಂಡಿನ ಮೇಲಿಂದ ಇಣುಕಿ, "ಏನೋ ಗೋಪಾಲ, ಸೈಟಿಗೆ ಬೈತಲೆ ತೆಗೀತಿದ್ದೀಯಾ?" ಎಂದರು.

"ಟೆಸ್ಟಿಂಗ್ ಸಾರ್, ಟೆಸ್ಟಿಂಗ್."

"ಪಾಸಾಗಿದ್ಯಾರಪ್ಪ?"

ಅಷ್ಟರಲ್ಲಿ ಎಡಗಡೆಯದು ಬಾಟಲಿಯ ಚೂರಿನ ಮೇಲೆ ಹತ್ತಿ ಫೇಲಾಯಿತು. ಗೋಪಾಲ ಇಳಿದು, ಸೊಂಟಕ್ಕೆ ಕೈಯಿಟ್ಟು, ಬಾಟಲಿ ಎಸೆದವನ ವಂಶವನ್ನೆಲ್ಲ ಬೈದು, ಪಂಕ್ಚರ್ ಅಂಗಡಿಯ ಬಶೀರನಿಗೆ ಫೋನಿನಲ್ಲಿ ಕೂಗಾಡಿ, ಮೇಷ್ಟರು ಕೊಡಲು ಬಂದ ಮಜ್ಜಿಗೆಯನ್ನು "ಅಯ್ಯೋ ಬೇಡ ಬಿಡಿ ಸಾರ್, ತಲೆ ಕೆಟ್ಟೋಗಿದೆ" ಎಂದು ತಿರುಗಿ ಕಳಿಸಿದ. ನನಗೆ ಅಲ್ಲೇ ಎಲ್ಲ ತಿಳಿಯಾಯಿತು. ಆ ಸ್ನೇಹಗಳನ್ನೆಲ್ಲ ತಂದದ್ದು ಟೈರಲ್ಲ. ಪಂಕ್ಚರ್ ಎಲ್ಲರಿಗೂ ಆಗುತ್ತದೆ. ಕೆಟ್ಟು ನಿಂತ ಹೊತ್ತಿನಲ್ಲಿ ಬೇರೆಯವರ ಕಟ್ಟೆಯ ಮೇಲೆ ಹಾಯಾಗಿ ಕೂರುವುದು ಯಜಮಾನರೊಬ್ಬರಿಗೆ ಬರುತ್ತಿತ್ತು. ಅವರಿಲ್ಲದ ಗಾಳಿ ಟೈರು ಬರೀ ತೂತು. ಮಜ್ಜಿಗೆಯನ್ನು ಮೇಷ್ಟರಿಂದ ನಾನೇ ಕೇಳಿ ಪಡೆದು ಕುಡಿದು, ಲೋಟ ತೊಳೆದು ಕೊಟ್ಟು, "ಗಟ್ಟಿದೇ ಎರಡು ಹಾಕ್ಸು ಗೋಪಾಲ" ಎಂದೆ. "ಆದ್ರೆ ನಿಧಾನಕ್ಕೆ ಓಡಿಸ್ಬೇಕು. ನಟ್ಟು ದಿನಾ ಬಿಗಿ ಮಾಡ್ಬೇಕು."

ಗುರುವಾರ ಶಾಲೆಯ ಮೈದಾನಕ್ಕೆ ಹೋಗುವಾಗ, ಮದುವೆಯಾಗಿ ಬಂದಂದಿನಿಂದ ಒಮ್ಮೆಯೂ ಹತ್ತದ ಟ್ರ್ಯಾಕ್ಟರನ್ನು ಹತ್ತಿ ಮಡ್ಗಾರ್ಡಿನ ಮೇಲೆ ಕೂತೆ. ಬೀದಿಯವರೆಲ್ಲ ನೋಡಿದರು, ನೋಡಲಿ ಎಂದುಕೊಂಡೆ. ಮಧ್ಯಾಹ್ನದೊಳಗೆ ಮೈದಾನ ಪೂರ್ತಿ ಮುಗಿಯಿತು, ಒಂದೇ ಮಟ್ಟ. ಮೇಡಂ ಈ ತುದಿಯಿಂದ ಆ ತುದಿಗೆ ನಡೆದು ಬಂದು, "ಮುಂದಿನ ವರ್ಷಾನೂ ನೀವೇ ಆಂಟಿ" ಎಂದರು. ಕತ್ತರಿಸಿದ ಹುಲ್ಲಿನ ಹಸಿ ವಾಸನೆ ಯಜಮಾನರ ಅಂಗಿಯ ವಾಸನೆಯೇ ಆಗಿತ್ತು. ಆ ದಿನ ಅದು ನೋಯಿಸಲಿಲ್ಲ.

ವಾಪಸು ಬರುವಾಗ ದಾರಿ ಸಲೀಸಾಗಿತ್ತು, ಸಲೀಸೆಂದರೆ ಬೇಸರವಾಗುವಷ್ಟು. ಗೇಟುಗಳು ಒಂದರ ಹಿಂದೊಂದು ಸರಿದುಹೋಗುತ್ತಿದ್ದವು. ಗುರುತಿಲ್ಲದ ಒಂದು ಮನೆಯ ಮುಂದೆ ಗೋಪಾಲನ ಭುಜ ತಟ್ಟಿ ನಿಲ್ಲಿಸು ಎಂದೆ.

"ಏನಾಯ್ತು ಅತ್ಗೆ?"

"ಏನೂ ಆಗಿಲ್ಲ. ನಿಲ್ಸು."

ಸದ್ದು ಕೇಳಿ ಮನೆಯಾಕೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಏನಮ್ಮ, ಪಂಕ್ಚರಾ?"

"ಇಲ್ಲಮ್ಮ, ಸುಮ್ನೆ ನಿಂತ್ವಿ."

ಆಕೆ ನನ್ನನ್ನು ನೋಡಿದರು, ಟ್ರ್ಯಾಕ್ಟರನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. "ಸುಮ್ನೆ ನಿಲ್ಲೋಷ್ಟು ಪುರುಸೊತ್ತು ಈ ಕಾಲದಲ್ಲಿ ಯಾರಿಗಿದೆ ಹೇಳಿ! ಬನ್ನಿ, ಉಪ್ಪಿಟ್ಟು ಈಗ್ತಾನೆ ಇಳಿಸಿದೀನಿ" ಎಂದು ಗೇಟಿನ ಚಿಲಕ ತೆಗೆದರು.

ಗೋಪಾಲ ಬೇಡ ಎನ್ನಲು ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿಕೊಂಡ. ಕೀಲಿ ತಿರುಗಿಸಿ ಇಂಜಿನ್ ಆರಿಸಿ, ನಾನು ಇಳಿಯಲು ಕೈ ಕೊಟ್ಟ.