ಅಮಾವಾಸ್ಯೆ ಮರುದಿನದ ಕಂಪ್ಯೂಟರ್

ಮೊನ್ನೆ ಮುದಗಲ್ ಕಡೆಯ ಹಿರಿಯರೊಬ್ಬರು ತಮ್ಮ ಅಂಗಡಿಯ ಕಂಪ್ಯೂಟರನ್ನು ಲಿಂಗಸೂಗೂರಿನ ನನ್ನ ರಿಪೇರಿ ಅಂಗಡಿಗೆ ತಂದರು. ಡಬ್ಬಿಯ ಮೇಲೆ ವಿಭೂತಿಯ ಮೂರು ಗೆರೆ, ಕುಂಕುಮ, ಒಣಗಿದ ಚೆಂಡುಹೂವಿನ ಎಸಳು. ಅಮಾವಾಸ್ಯೆ ಪೂಜೆಯಾದಾಗಿನಿಂದ ಸರಿಯಾಗಿ ಚಾಲೂ ಆಗುತ್ತಿಲ್ಲವಂತೆ. "ಒಳಗ ನಮ್ಮ ಸೊಸಿದೂ ಏನೋ ಒಂದು ಐತಿ. ಅದನ್ನ ಅಳಿಸಿ ನನ್ನದೊಂದ ಇಡವಾ," ಎಂದರು. ಮುಚ್ಚಳ ಬಿಚ್ಚಿದೆ. ಧೂಳಿನ ಜೊತೆ ಊದಿನಕಡ್ಡಿಯ ವಾಸನೆ ಮೂಗಿಗೆ ಬಡಿಯಿತು. ಕೈ ಅಲ್ಲೇ ನಿಂತಿತು. ಸಿಂಧನೂರಿನ ಅಕ್ಕೋರು ನೆನಪಾದರು...

ನಮ್ಮ ಸೀಮೆಯಲ್ಲಿ ಪಾಠ ಹೇಳುವ ಹೆಂಗಸಿಗೆ ಅಕ್ಕೋರು ಎನ್ನುತ್ತೇವೆ. ಇವರು ಯಾವ ಶಾಲೆಯ ಅಕ್ಕೋರೂ ಅಲ್ಲ. ಗಂಡ ತೀರಿದ ಮೇಲೆ, ಮೈದುನನ ಗೊಬ್ಬರದ ಅಂಗಡಿಯಲ್ಲಿ, ಮಧ್ಯಾಹ್ನ ವ್ಯಾಪಾರ ಇಲ್ಲದ ಹೊತ್ತಿನಲ್ಲಿ ನಮ್ಮಂಥ ಹುಡುಗಿಯರಿಗೆ ಕಂಪ್ಯೂಟರ್ ಕಲಿಸುತ್ತಿದ್ದರು. ಬಾಯಿ ಮಾತ್ರ ಹುಣಸೆ ಬರಲಿನ ಏಟು. ಮೌಸ್ ಮುಟ್ಟಲು ಹೆದರಿದವಳಿಗೆ "ಕಚ್ಚಂಗಿಲ್ಲ ಬೇ ಅದು, ಹಿಡಿ," ಎನ್ನುತ್ತಿದ್ದರು. ನಮಗೆ ಕಂಪ್ಯೂಟರಿಗಿಂತ ಅವರದೇ ಹೆದರಿಕೆ.

ಇದ್ದದ್ದು ಒಂದೇ ಕಂಪ್ಯೂಟರ್, ಅದರೊಳಗೆ ಎರಡು ಡಿಸ್ಕು. ಒಂದರಲ್ಲಿ ವಿಂಡೋಸ್, ಅದರ ತುಂಬ ಮೈದುನನ ಬಿಲ್ಲುಗಳು. ಇನ್ನೊಂದರಲ್ಲಿ ಲಿನಕ್ಸ್, ಅದರಲ್ಲಿ ನಮ್ಮ ಪಾಠಗಳೆಲ್ಲ. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ ಹಾಗೆ. ಚಾಲೂ ಮಾಡಿದರೆ ಕರಿ ಪರದೆ ಬಂದು, ಯಾವುದು ಬೇಕು ಎಂದು ಕೇಳುತ್ತಿತ್ತು. ನಮ್ಮದನ್ನು ಆರಿಸಿ ಒಳಗೆ ಹೋಗುತ್ತಿದ್ದೆವು. ನಾನು ಜವಳಗೇರಾದಿಂದ ಬಸ್ಸಿಗೆ ಬರುತ್ತಿದ್ದೆ. ಮನೆಯಲ್ಲಿ ಗಂಡು ನೋಡುವುದು ನಡೆದಿತ್ತು. ಕ್ಲಾಸ್ ಇರುವ ತನಕ ಹೋಗು, ನಿಂತ ದಿನ ಮದುವೆ ಮಾತು ಎಂದು ಅಪ್ಪ ಹೇಳಿಬಿಟ್ಟಿದ್ದರು. ಕ್ಲಾಸ್ ನಿಂತರೆ ನನ್ನ ಬಸ್ಸೂ ನಿಂತಂತೆ.

ಆ ಅಂಗಡಿಯಲ್ಲಿ ಪ್ರತಿ ಅಮಾವಾಸ್ಯೆಗೆ ಪೂಜೆ. ತಕ್ಕಡಿ, ಬೆಳೆಗೆ ಎಣ್ಣೆ ಹೊಡೆಯುವ ಪಂಪು, ಟಂಟಂ ಗಾಡಿ, ಕಂಪ್ಯೂಟರ್, ಎಲ್ಲಕ್ಕೂ ವಿಭೂತಿ, ಹೂವು, ಕಾಯಿ. ಅವತ್ತು ಯಂತ್ರಗಳು ದುಡಿಯಬಾರದು. ಮೈದುನ ಕಂಪ್ಯೂಟರಿನ ಪ್ಲಗ್ ಕಿತ್ತು, ವೈರು ಸುತ್ತಿ ಡಬ್ಬಿಯ ಮೇಲಿಡುತ್ತಿದ್ದ. ಒಂದು ಅಮಾವಾಸ್ಯೆಯ ಮರುದಿನ ನಾವು ಹೋದಾಗ ಕರಿ ಪರದೆ ಬರಲೇ ಇಲ್ಲ. ಕಂಪ್ಯೂಟರ್ ಏನೂ ಕೇಳದೆ ಸೀದಾ ಮೈದುನನ ಬಿಲ್ಲಿಗೆ ಹೋಯಿತು.

"ನಿಮ್ದು ಹಾರಿಹೋಗೇತ್ರಿ ವೈನಿ," ಎಂದ ಮೈದುನ ಅತ್ತಿಗೆಗೆ. ದನಿಯಲ್ಲಿ ದುಃಖವೇನೂ ಇರಲಿಲ್ಲ.

ಮಸ್ಕಿಯಿಂದ ರಿಪೇರಿಯವನು ಬಂದ. ಎರಡೆರಡು ಇದ್ದರೆ ಹೀಗೇ, ಫಾರ್ಮ್ಯಾಟ್ ಮಾಡಿ ಒಂದೇ ಇಡೋಣ ಎಂದ. ಫಾರ್ಮ್ಯಾಟ್ ಎಂದರೆ ಅಳಿಸುವುದು. ಅಳಿಯುವುದು ಯಾರದು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. "ನೆಗಡಿ ಬಂತಂತ ಮೂಗು ಕೊಯ್ಕೊಂತಾರೇನಪಾ?" ಎಂದು ಅಕ್ಕೋರು ಅವನನ್ನು ಎಬ್ಬಿಸಿ ತಾವೇ ಕೂತರು. ಕಂಪ್ಯೂಟರ್ ಏಳುವಾಗಲೇ ಗುಂಡಿ ಒತ್ತಿ ಸೆಟ್ಟಿಂಗಿನೊಳಗೆ ಹೊಕ್ಕು ಹುಡುಕಿದರು. ನಮ್ಮ ಡಿಸ್ಕು ಎಲ್ಲೂ ಹಾರಿರಲಿಲ್ಲ. ಯಾವ ಡಿಸ್ಕನ್ನು ಮೊದಲು ನೋಡಬೇಕು ಎಂಬ ಸಾಲಿನಲ್ಲಿ ನಮ್ಮದು ಕೆಳಗಿಳಿದು ಮೈದುನನದು ಮೇಲೇರಿತ್ತು, ಅಷ್ಟೇ. ಆ ಕೇಳುವ ಪರದೆ ಇದ್ದದ್ದು ನಮ್ಮ ಡಿಸ್ಕಿನಲ್ಲೇ; ನಮ್ಮದನ್ನು ಮೇಲೆ ತಂದರು. ಕರಿ ಪರದೆ ಮರಳಿ ಬಂತು.

ಮುಂದಿನ ಅಮಾವಾಸ್ಯೆಯ ಮರುದಿನ ಮತ್ತದೇ ಕಥೆ. ಅಮಾಸಿಗೂ ಹೆಣ್ಮಕ್ಕಳ ಕಲಿಕೆಗೂ ಆಗಿಬರುವುದಿಲ್ಲ ಎಂದು ಓಣಿಯವರು ಶುರುವಿಟ್ಟರು. ಅಕ್ಕೋರು ಮತ್ತೆ ಸರಿ ಮಾಡಿದರು. "ಇನ್ನೊಮ್ಮೆ ಹಿಂಗಾತಂದ್ರ ಅಳಸೂದ ನೋಡ್ರಿ. ಕ್ಲಾಸೂ ಸಾಕು," ಎಂದ ಮೈದುನ. ನನಗೆ ಅವತ್ತು ಬಸ್ಸಿನಲ್ಲಿ ಕೂತರೂ ಜೀವ ನಿಲ್ಲಲಿಲ್ಲ.

ಅಕ್ಕೋರಿಗೆ ಅವನ ಮೇಲೆಯೇ ಗುಮಾನಿ. ಇವನೇ ಬೇಕಂತ ಬದಲಿಸುತ್ತಾನೆ ಎಂದು, ಮೂರನೆಯ ಅಮಾವಾಸ್ಯೆಗೆ ಪೂಜೆ ಮುಗಿಯುವ ತನಕ ಕಂಪ್ಯೂಟರಿನ ಎದುರೇ ಕುರ್ಚಿ ಹಾಕಿಕೊಂಡು ಕೂತರು. ಪಾಪ, ಅವನು ಪ್ಲಗ್ ಕಿತ್ತ, ಕಾಯಿ ಒಡೆದ, ಹೋದ. ಬೀಗ ಹಾಕಿದ್ದು ಅಕ್ಕೋರೇ, ಕೀಲಿ ಇದ್ದದ್ದು ಅವರ ಸೊಂಟದಲ್ಲೇ. ಮರುದಿನ ಚಾಲೂ ಮಾಡಿದರೆ ಸೀದಾ ಬಿಲ್ಲು. ಮೈದುನ ಹೊರಗೆ ನಿಂತು ರಿಪೇರಿಯವನಿಗೆ ಫೋನ್ ಹಚ್ಚಿದ.

ಅಕ್ಕೋರು ಮಾತ್ರ ಪರದೆಯ ಮೂಲೆಯನ್ನೇ ನೋಡುತ್ತಿದ್ದರು. ಅಲ್ಲಿನ ತಾರೀಖು ಎಷ್ಟೋ ವರ್ಷ ಹಿಂದಿನದು. "ನೀ ಇನ್ನೂ ಪಾಟಿ ಬಳಪ ಹಿಡೀತಿದ್ಯಲ್ಲ ಬೇ, ಆ ವರ್ಷ ತೋರ್ಸಾಕತ್ತೈತಿ ಇದು," ಎಂದರು. ಆಮೇಲೆ ತೊಡೆ ತಟ್ಟಿಕೊಂಡು ನಕ್ಕರು.

ಕಂಪ್ಯೂಟರಿನೊಳಗೆ ರೂಪಾಯಿ ಬಿಲ್ಲೆಯಂಥ ಒಂದು ಸೆಲ್ ಇರುತ್ತದೆ. ಗೋಡೆಯ ಕರೆಂಟ್ ಇಲ್ಲದಾಗ ಗಡಿಯಾರವನ್ನೂ ಸೆಟ್ಟಿಂಗನ್ನೂ ನೆನಪಿಡುವುದು ಅದು. ಅದು ಯಾವಾಗಲೋ ಸತ್ತಿತ್ತು. ಉಳಿದ ದಿನ ಕರೆಂಟ್ ಹೋದರೂ ಇನ್ವರ್ಟರ್ ಇತ್ತು, ಹಾಗಾಗಿ ಗೊತ್ತಾಗಲಿಲ್ಲ. ಪ್ಲಗ್ಗನ್ನೇ ಕೀಳುತ್ತಿದ್ದದ್ದು ಅಮಾವಾಸ್ಯೆಗೆ ಮಾತ್ರ. ಅವತ್ತು ಎಲ್ಲ ಮರೆತು, ಮರುದಿನ ಮೊದಲ ಡಿಸ್ಕಿಗೆ, ಅಂದರೆ ಮೈದುನನದಕ್ಕೆ, ಹೋಗುತ್ತಿತ್ತು. ಅಕ್ಕೋರು ಗಡಿಯಾರದ ಅಂಗಡಿಯಿಂದ ಹೊಸ ಸೆಲ್ ತಂದು ಕೂರಿಸಿ, ಸಾಲು ಸರಿ ಮಾಡಿದರು. "ಇನ್ನೊಂದು ಅಮಾಸಿ ಯಾಕ ಕಾಯೂದು?" ಎಂದು ಎಲ್ಲರ ಎದುರು ತಾವೇ ಪ್ಲಗ್ ಕಿತ್ತು, ನಾಳೆ ಬಾ ಎಂದು ಅಷ್ಟರಲ್ಲಿ ಬಂದಿದ್ದ ರಿಪೇರಿಯವನನ್ನು ಕಳಿಸಿದರು. ಮರುದಿನ ಓಣಿಯವರೂ ನೋಡಲು ಬಂದಿದ್ದರು. ಕರಿ ಪರದೆ ಬಂತು, ಕೇಳಿತು.

ಅಕ್ಕೋರು ಅಷ್ಟಕ್ಕೇ ಬಿಡಲಿಲ್ಲ. ಮೊದಲೆಲ್ಲ ಆ ಪರದೆ ಸ್ವಲ್ಪ ಹೊತ್ತು ಕಾದು, ಯಾರೂ ಆರಿಸದಿದ್ದರೆ ತಾನಾಗಿ ಮೈದುನನ ಕಡೆಗೆ ಹೋಗುತ್ತಿತ್ತು. ಅವರು ಆ ಗಡುವನ್ನೇ ತೆಗೆದರು. ಯಾರಾದರೂ ಆರಿಸುವ ತನಕ ಕಾಯಲಿ ಎಂದು.

"ನನ್ನ ಬಿಲ್ಲಿಗೆ ಹೋಗಾಕ ನಾನೂ ಗುಂಡಿ ಒತ್ಬೇಕೇನ್ರಿ ವೈನಿ?"

"ಒತ್ತು. ಇಲ್ಲಿ ಇನ್ನೊಬ್ರೂ ಅದಾರ ಅಂತ ದಿನಾ ಮುಂಜಾನೆ ನೆನಪಾಗ್ಲಿ."

ಕ್ಲಾಸ್ ನಿಲ್ಲಲಿಲ್ಲ. ನನ್ನ ಬಸ್ಸೂ ನಿಲ್ಲಲಿಲ್ಲ. ಇವತ್ತು ನನ್ನ ಅಂಗಡಿಯ ಬಾಗಿಲು ತೆಗೆಯುವವಳು ನಾನೇ ಆಗಿದ್ದರೆ ಅದು ಆ ಬಸ್ಸಿನಿಂದ.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಮನೆಯವರನ್ನು ಮಾತಾಡಿಸಿ ಬರಲು ಸಿಂಧನೂರಿಗೆ ಹೋದಾಗ ಅಂಗಡಿಯಲ್ಲಿ ಅದೇ ಹಳೇ ಡಬ್ಬಿ ಇತ್ತು. ಮೈದುನ ಚಾಲೂ ಮಾಡಿದ. ಸೀದಾ ಬಿಲ್ಲು ಬಂತು... ಅಕ್ಕೋರು ಹೋದ ಮೇಲೆ ನಮ್ಮದನ್ನು ಅಳಿಸಿಹಾಕಿದ್ದ. ಹೊರಗೆ ಬಂದು ಅತ್ತುಬಿಟ್ಟೆ. ಅಳುವಿಗಿಂತ ಸಿಟ್ಟೇ ಹೆಚ್ಚಿತ್ತು. ಆ ಸಿಟ್ಟು ಇನ್ನೂ ಹೋಗಿಲ್ಲ, ಹೋಗುವುದೂ ಬೇಡ.

ಮುದಗಲ್ಲಿನ ಡಬ್ಬಿಯಲ್ಲೂ ಸೆಲ್ಲೇ ಸತ್ತಿತ್ತು. ಹೊಸದು ಹಾಕಿ, ಸಾಲು ಸರಿ ಮಾಡಿ ಚಾಲೂ ಮಾಡಿದೆ. ಕರಿ ಪರದೆಯ ಮೇಲೆ ಎರಡು ಸಾಲು.

"ಸೊಸಿದು ಅಳಿಸಿಲ್ಲೇನವಾ?"

"ಇಲ್ರಿ ಅಜ್ಜಾರ. ಸೊಸಿನ್ನ ಕಳಸ್ರಿ. ಆಕಿ ಬಂದು ಬ್ಯಾಡ ಅಂದ್ರ ಅಳಸ್ತೀನಿ."

ಮುಖ ಗಂಟು ಹಾಕಿಕೊಂಡು, ಕೊನೆಗೆ ತಾನಾಗಿಯೇ ತಮ್ಮ ಕಡೆಗೆ ಹೋಗುವ ಹಾಗಾದರೂ ಮಾಡು ಎಂದರು. ಅದಕ್ಕೂ ಆಗುವುದಿಲ್ಲ ಎಂದೆ. ಗಡುವು ತೆಗೆದು ಮುಚ್ಚಳ ಹಾಕಿದೆ. ಇದನ್ನು ಹೋಗಿ ಹೇಳೋಣವೆಂದರೆ, ಕೇಳಿ ತೊಡೆ ತಟ್ಟಿ ನಗಲು ಅಕ್ಕೋರು ಇಲ್ಲ. ಆ ಹಿರಿಯರು ಇನ್ನು ದಿನಾ ಮುಂಜಾನೆ ಗುಂಡಿ ಒತ್ತಬೇಕು. ಒತ್ತಲಿ.