ವೆಂಡೆಲಿನ್‌ನ ಅರ್ಧ ಬೆಲೆಯ ಹಲಗೆಗಳು

ವೆಂಡೆಲಿನ್ ಹಿಮದ ಮೇಲೆ ಜಾರುವ ಹೊಸ ಸ್ಕೀ ಹಲಗೆ ಕೊಂಡನೆಂಬ ಸುದ್ದಿಯನ್ನು ಹಿಂಟರ್‌ಬಾಖ್ ಕಣಿವೆಯ ಜನ ಮೊದಲು ನಂಬಲಿಲ್ಲ. ನಂಬಿದ ಮೇಲೆ, ಅವನಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಹೆಂಡತಿ ಆಫ್ರಾಳನ್ನು ವಿಚಾರಿಸಿದರು.

ಮೂವತ್ತನಾಲ್ಕು ವರ್ಷದಿಂದ ಅವನು ಜಾರುವವರನ್ನು ಬೆಟ್ಟಕ್ಕೆ ಒಯ್ಯುವ ಕುರ್ಚಿ ಲಿಫ್ಟಿನ ಮೇಲಿನ ತುದಿಯಲ್ಲಿ ಕೂತವನು. ಬಂದವರ ಬೆನ್ನಿಗೆ ಕುರ್ಚಿ ಬಡಿಯದಂತೆ ನೋಡಿಕೊಳ್ಳುವುದು, ಬಿದ್ದವರನ್ನು ಬದಿಗೆ ಎಳೆದು ಹಾಕುವುದು, ಗಾಳಿ ಎದ್ದರೆ ಗುಂಡಿ ಒತ್ತಿ ಎಲ್ಲವನ್ನೂ ನಿಲ್ಲಿಸುವುದು ಅವನ ಕೆಲಸ. ಬೇಸಿಗೆಯಲ್ಲಿ ಏಳು ಹಸು, ಕಡಿದಾದ ಎರಡು ಹುಲ್ಲುಗಾವಲು. ಅವನ ಕೋಟಿಗೆ ಆಫ್ರಾ ಹಾಕಿದ ತೇಪೆಗಳನ್ನು ಬಿಚ್ಚಿದರೆ ಕೋಟೇ ಉಳಿಯುತ್ತಿರಲಿಲ್ಲ. ಜಿಪುಣ ಎಂದರೆ ಒಪ್ಪುತ್ತಿರಲಿಲ್ಲ. ಹಳೆಯದು ದುಡಿಯುತ್ತಿರುವಾಗ ಹೊಸದನ್ನು ತರುವುದು ಹಳೆಯದಕ್ಕೆ ಮಾಡುವ ಅವಮಾನ ಎನ್ನುವುದು ಅವನ ವಾದ. ಆ ವಾದ ಜೇಬಿಗೂ ಅನುಕೂಲವಾಗಿತ್ತೆಂದರೆ ಅದು ಅವನ ತಪ್ಪಲ್ಲ.

ಆ ಬೆಟ್ಟದಲ್ಲಿ ಒಂದು ಪದ್ಧತಿಯಿದೆ. ಚಳಿಗಾಲದ ಕೊನೆಯ ದಿನ, ಕೊನೆಯ ಗಿರಾಕಿಯೂ ಇಳಿದುಹೋದ ಮೇಲೆ, ಲಿಫ್ಟಿನವರೆಲ್ಲ ಮೇಲಿನಿಂದ ಕೆಳಗಿನತನಕ ಒಂದೇ ಸಾಲಾಗಿ ಜಾರುತ್ತಾರೆ. ಕೈಯಲ್ಲಿ ಕೋಲಿಲ್ಲ. ಮುಂದಾಳು ಹಾಕಿದ ಜಾಡಿನಲ್ಲೇ ಎರಡನೆಯವರು, ಅವರ ಜಾಡಿನಲ್ಲೇ ಮೂರನೆಯವರು. ಸಾಲು ಮುರಿಯದೆ ಕೆಳಗೆ ತಲುಪಿದರೆ ಸಾರಾಯಿಯ ಮೊದಲ ಬಟ್ಟಲು ಮುಂದಾಳಿಗೆ. ಮುರಿದರೆ ಮುಂದಾಳುತನ ಹೋಯಿತು. ತಪ್ಪು ಮುಂದಿನವನದೋ ಹಿಂದಿನವನದೋ ಎಂಬ ವಿಚಾರಣೆ ಇಲ್ಲ. ವೆಂಡೆಲಿನ್ ಹತ್ತೊಂಬತ್ತು ವರ್ಷ ಸಾಲು ಮುರಿಯದೆ ಇಳಿಸಿದ್ದ. ಅವನು ಊರಿನ ಮೇಯರ್ ಆಗಲಿಲ್ಲ, ವಾದ್ಯಮೇಳದಲ್ಲಿ ಕಹಳೆ ಊದಲಿಲ್ಲ, ಹಸುಗಳಿಗೂ ಯಾವ ಬಹುಮಾನ ಬಂದಿರಲಿಲ್ಲ. ಬದುಕಿನಲ್ಲಿ ಅವನಿಗಿದ್ದ ಪದವಿ ಇದೊಂದೇ.

ಫೆಬ್ರವರಿಯಲ್ಲಿ ಅವನ ಇಪ್ಪತ್ತೆರಡು ವರ್ಷದ ಹಲಗೆ ಹಿಮದಡಿಯ ಬಂಡೆಗೆ ತಗುಲಿ, ಉಕ್ಕಿನ ಅಂಚು ಎರಡು ಅಡಿಯಷ್ಟು ಕಿತ್ತುಬಂತು. ಕೊನೆಯ ದಿನಕ್ಕೆ ಐದೇ ವಾರ ಉಳಿದಿತ್ತು. ಎರವಲು ಹಲಗೆಯ ಮೇಲೆ ಮುಂದಾಳಾಗಿ ನಿಲ್ಲುವುದೆಂದರೆ ಎರವಲು ಪ್ಯಾಂಟಿನಲ್ಲಿ ಮದುವೆಯಾದ ಹಾಗೆ. ಅವನು ಪೇಟೆಗೆ ಇಳಿದ.

ಬೆಟ್ಟದ ಮೇಲೆ ಎಲ್ಲರೂ ಎಲ್ಲರಿಗೂ ಏಕವಚನ. ಸಾವಿರ ಮೀಟರಿನ ಎತ್ತರದಿಂದ ಕೆಳಗಿಳಿದರೆ ಬಹುವಚನ ಶುರುವಾಗುತ್ತದೆ, ಆಗ ಜೇಬಿನ ಮೇಲೆ ಕೈ ಇಟ್ಟುಕೊಳ್ಳುವುದು ಒಳ್ಳೆಯದು. ಪೇಟೆಯ ಅಂಗಡಿಯ ಲಾಂಬೆರ್ಟ್ ಬಾಗಿಲಿಗೇ ಬಂದ.

"ಬನ್ನಿ, ಬನ್ನಿ. ನಿಮಗಾಗಿಯೇ ಎತ್ತಿಟ್ಟಂಗಿದೆ ನೋಡಿ. ಬೆಟ್ಟಕ್ಕೆಲ್ಲ ಇದೊಂದೇ ಹಲಗೆ ಸಾಕು. ಗಟ್ಟಿ ಹಿಮ, ಮೆತ್ತನೆ ಹಿಮ, ಕಾಡುದಾರಿ, ಯಾವುದಕ್ಕಾದ್ರೂ ಸೈ. ಆರು ಸಾವಿರ ಷಿಲ್ಲಿಂಗಿಂದು, ನಿಮಗೆ ಮೂರು."

ವೆಂಡೆಲಿನ್ ಹಲಗೆಯನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಿದ. ಹಳೆಯದು ಎತ್ತಿದ ಕೈಯ ಮಣಿಕಟ್ಟಿಗೆ ಬರುತ್ತಿತ್ತು. ಇದು ಗಲ್ಲಕ್ಕೇ ನಿಂತಿತು.

"ಅರ್ಧ ಬೆಲೆ ಅಂದ್ರೆ ಅರ್ಧ ಹಲಗೇನಾ? ಮಿಕ್ಕಿದ್ದು ಎಲ್ಲಿ?"

"ಈಗ ಬರೋದೇ ಹೀಗೆ. ತಲೆ ಅಗಲ, ಬಾಲ ಅಗಲ, ನಡು ಸಣ್ಣ. ಕಾರ್ವಿಂಗ್ ಅಂತಾರೆ. ಹಿಮಾನ ಕೆತ್ಕೊಂಡು ಹೋಗುತ್ತೆ."

"ಬೆಲೆ ಯಾಕೆ ಇಳಿಸಿದ್ದು?"

"ಬಣ್ಣ ಹೋದ ವರ್ಷದ್ದು. ಅಷ್ಟೇ ನೋಡಿ ಕಾರಣ."

"ಹಿಮಕ್ಕೆ ಬಣ್ಣ ಕಾಣಲ್ಲ. ಎರಡೂವರೆ ಮಾಡು."

"ಎರಡೂವರೆಗೆ ಬಣ್ಣ ಮಾತ್ರ ಬರುತ್ತೆ, ಹಲಗೆ ಇಲ್ಲೇ ಇರುತ್ತೆ."

ಮೂರಕ್ಕೇ ಮುಗಿಯಿತು. ನೇರಳೆ ಬಣ್ಣದ ಮೇಲೆ ಹಸಿರು ಮಿಂಚಿನ ಗೆರೆ. ಮನೆಗೆ ತಂದಾಗ ಆಫ್ರಾ ಒಲೆಯ ಮೇಲಿನ, ಬ್ರೆಡ್ಡಿನ ಉಂಡೆ ಹಾಕಿದ ಸಾರನ್ನು ಬಿಟ್ಟು ಬಂದು ನೋಡಿದಳು.

"ಇದನ್ನ ಹಾಕ್ಕೊಂಡು ಹೋದ್ರೆ ಹಸುಗಳು ಹಾಲು ಬಿಡಲ್ಲ" ಅಂದಳು.

ಮರುದಿನ ಬೆಳಿಗ್ಗೆ ಎಂಟಕ್ಕೆ, ಗಿರಾಕಿಗಳು ಬರುವ ಮುಂಚೆ, ಅವನು ದೊಡ್ಡ ಇಳಿಜಾರಿನ ತಲೆಯಲ್ಲಿ ನಿಂತ. ಹಿಮ ಹರಗುವ ಯಂತ್ರ ಆಗಷ್ಟೇ ಹೋಗಿತ್ತು, ಇಳಿಜಾರಿನಲ್ಲಿ ಬಾಚಣಿಗೆ ಎಳೆದ ಗೆರೆಗಳಿದ್ದವು. ಎರಡು ಮಾರು ನೇರಕ್ಕೆ ಬಿಟ್ಟು, ಐವತ್ತು ವರ್ಷದಿಂದ ಮಾಡಿದಂತೆ ಹಿಮ್ಮಡಿಯನ್ನು ಹೊರಕ್ಕೆ ತಳ್ಳಿದ.

ಹಲಗೆ ಜಾರಲಿಲ್ಲ. ಕಚ್ಚಿತು. ಕಚ್ಚಿದ್ದು ಬಿಡಲೂ ಇಲ್ಲ. ಎಡಕ್ಕೆ ತಿರುಗಿತು, ಇನ್ನೂ ತಿರುಗಿತು, ಸಾಕು ಅಂದರೂ ತಿರುಗಿತು. ಕಾಡು ಕಾಣಿಸಿತು, ಆಮೇಲೆ ತಾನು ಕೂರುವ ಗುಡಿಸಲು ಕಾಣಿಸಿತು. ಅಂದರೆ ಮುಖ ಬೆಟ್ಟದ ಮೇಲ್ಗಡೆಗಿತ್ತು. ಒಂದು ಗಳಿಗೆ ಅಲ್ಲೇ ನಿಂತು, ಕಣಿವೆಗೆ ಬೆನ್ನು ಹಾಕಿ ಹಿಮ್ಮುಖವಾಗಿ ಇಳಿಯತೊಡಗಿದ. ಕೊನೆಗೆ ಬದಿಯ ಕಿತ್ತಳೆ ಬಣ್ಣದ ಬಲೆ ಅವನನ್ನು ಹಿಡಿಯಿತು. ಸಾವಿರಾರು ಪ್ರವಾಸಿಗಳನ್ನು ಅವನು ಅದೇ ಬಲೆಯಿಂದ ಬಿಡಿಸಿದ್ದ. ಒಳಗಿನಿಂದ ಅದು ಹೇಗೆ ಕಾಣುತ್ತದೆಂದು ನೋಡಿರಲಿಲ್ಲ.

ಹಿಮ ಹರಗುವ ಯಂತ್ರದ ಚಾಲಕ ವಿಗಿಲ್ ಕಿಟಕಿ ಇಳಿಸಿದ. ನಲವತ್ತರ ಈ ಮನುಷ್ಯನೇ ಸಾಲಿನಲ್ಲಿ ಎರಡನೆಯವನು. ಮೊದಲನೆಯವನು ಬೀಳುವುದನ್ನು ಎರಡನೆಯವನು ನೋಡುವ ಬಗೆಯೇ ಬೇರೆ.

"ಮೀನು ಸಿಕ್ತಾ ಮುದುಕಾ?"

"ಹಲಗೆ ಸರಿ ಇಲ್ಲ ಕಣೋ."

"ಹಲಗೆ ಸರೀನೇ ಇದೆ. ಅದಕ್ಕೆ ಮೇಲೆ ಹೋಗ್ಬೇಕಂತೆ, ನಿನಗೆ ಕೆಳಗೆ ಬರ್ಬೇಕು. ಇಬ್ರೂ ಕೂತು ಮಾತಾಡಿ ಒಂದು ತೀರ್ಮಾನಕ್ಕೆ ಬನ್ನಿ."

ಸಂಜೆ ವೆಂಡೆಲಿನ್ ನೆಲಮಾಳಿಗೆಯಲ್ಲಿ ಹಲಗೆಗಳನ್ನು ತಿರುಗಿಸಿಟ್ಟು ಅರ ಕೈಗೆತ್ತಿಕೊಂಡ. ಆ ಕಣಿವೆಯಲ್ಲಿ ಹೊಸ ಹಲಗೆ ತಂದರೆ ಮೊದಲು ಮಾಡುವ ಕೆಲಸ ಅದು. ತಲೆಯ ಕಡೆ ಒಂದು ಗೇಣು, ಬಾಲದ ಕಡೆ ಒಂದು ಗೇಣು ಅಂಚನ್ನು ಮೊಂಡು ಮಾಡಬೇಕು. ಇಲ್ಲದಿದ್ದರೆ ಉದ್ದನೆಯ ಹಲಗೆ ಹಿಮಕ್ಕೆ ಸಿಕ್ಕಿ ಕಾಲು ಮುರಿಯುತ್ತದೆ. ಅಪ್ಪ ಅವನಿಗೆ ಕಲಿಸಿದ್ದ, ಅಪ್ಪನಿಗೆ ಅವನ ಅಪ್ಪ. ಇಷ್ಟು ಕಚ್ಚುವ ಹಲಗೆಗೆ ಒಂದು ಗೇಣು ಸಾಲದೆಂದು ವೆಂಡೆಲಿನ್ ಒಂದೂವರೆ ಗೇಣು ತೇಯ್ದ.

ಮರುದಿನ ಹಲಗೆ ನಡುವಿನಲ್ಲಿ ಕಚ್ಚಿತು, ತುದಿಯಲ್ಲಿ ಬಿಟ್ಟಿತು. ಒಂದು ಕಾಲು ಉತ್ತರಕ್ಕೆ, ಒಂದು ಕಾಲು ಚರ್ಚಿನ ಗೋಪುರದ ಕಡೆಗೆ. ಗಟ್ಟಿ ಹಿಮದ ಮೇಲೆ ಕುಂಡೆಯಲ್ಲೇ ನೂರು ಮಾರು ಜಾರಿದ. ಎದ್ದು ನಿಂತಾಗ ನೋವಿಗಿಂತ ದಿಗಿಲೇ ಹೆಚ್ಚಾಗಿತ್ತು. ನಡೆಯಲು ಕಲಿತ ಮರುವರ್ಷವೇ ಕಲಿತ ವಿದ್ಯೆ ಅರವತ್ತಕ್ಕೆ ಮರೆತುಹೋಗಿದೆಯೇ? ಉಳಿದದ್ದು ನಾಲ್ಕು ವಾರ.

ಅಂದು ಮಧ್ಯಾಹ್ನ ಹಲಗೆಗಳನ್ನು ಗೋಣಿಯಲ್ಲಿ ಸುತ್ತಿ ಬುರ್ಗಿಯ ಬಳಿಗೆ ಹೋದ. ಬುರ್ಗಿ ಲಿಫ್ಟಿನವರ ಬಾಡಿಗೆ ಹಲಗೆಗಳನ್ನು ಹದ ಮಾಡುವವಳು, ಸಾಲಿನಲ್ಲಿ ಮೂರನೆಯವಳು. ಹಳೇ ಹಾಲಿನ ಡೈರಿಯಲ್ಲಿ ಅವಳ ಕಾರ್ಖಾನೆ. ಒಳಗೆ ಕಾದ ಮೇಣದ ವಾಸನೆ.

"ಗೋಣಿಯಲ್ಲಿ ಏನು, ಹೆಣಾನಾ?" ಅಂದಳು.

"ಹಾಗೇ ಅನ್ಕೋ."

ಬುರ್ಗಿ ಹಲಗೆಯ ತಳಕ್ಕೆ ಅಡ್ಡವಾಗಿ ಉಕ್ಕಿನ ಪಟ್ಟಿ ಇಟ್ಟು ಕಿಟಕಿಯ ಕಡೆಗೆ ಎತ್ತಿ ಹಿಡಿದಳು. ಪಟ್ಟಿಯ ಕೆಳಗಿನಿಂದ ಬೆಳಕು ತೂರಿ ಬಂತು.

"ನೋಡು ಇಲ್ಲಿ. ಅಂಚು ಎರಡೂ ಎತ್ತರ, ನಡುವೆ ಹಳ್ಳ. ಕಂಬಿ ಮೇಲೆ ಬಿಟ್ಟ ರೈಲಿನ ಹಾಗೆ ಹೋಗಿರ್ಬೇಕಲ್ಲ ನೀನು?"

ವೆಂಡೆಲಿನ್ ಬಗ್ಗಿ ಆ ಬೆಳಕನ್ನು ನೋಡಿದ. "ಹೊಸ ಹಲಗೆ ಕಣೆ. ಹೊಸದು ಹೀಗಿರುತ್ತಾ?"

"ಗೋದಾಮಿನಲ್ಲಿ ಎರಡು ಬೇಸಿಗೆ ಬಿದ್ದಿದ್ರೆ ತಳ ಒಣಗಿ ಒಳಕ್ಕೆ ಎಳ್ಕೊಳ್ಳುತ್ತೆ. ಅರ್ಧ ಬೆಲೆಯ ಉಳಿದರ್ಧ ಇದೇ." ಅವಳು ಬೆರಳನ್ನು ಅಂಚಿನ ಗುಂಟ ಓಡಿಸಿದಳು. ತಲೆಯ ಹತ್ತಿರ ಬೆರಳು ನಿಂತಿತು. "ಇದನ್ನ ಯಾರು ಕೊಂದಿದ್ದು?"

"ನಾನೇ. ಅಪ್ಪ ಹೇಳಿಕೊಟ್ಟ ಹಾಗೆ. ಒಂದು ಗೇಣು."

"ಇದು ಒಂದು ಗೇಣಾ?"

"ಒಂದೂವರೆ."

"ನಿಮ್ಮಪ್ಪ ಜಾರ್ತಿದ್ದಿದ್ದು ಮನೆ ತೊಲೆ ಮೇಲೆ. ಇದು ತಲೆಯಿಂದ ತಿರುಗೋ ಹಲಗೆ ಕಣೋ. ಎತ್ತು ಹಾಯುತ್ತೆ ಅಂತ ಕೊಂಬು ಕೊಯ್ಯೋದು ಬಿಟ್ಟು ತಲೇನೇ ಕೊಯ್ದಿದ್ದೀಯ."

ಅವಳು ಎರಡು ಸಂಜೆ ಕೆಲಸ ಮಾಡಿದಳು. ನೀರು ಸುರಿಯುವ ಕಲ್ಲಿನ ಚಕ್ರಕ್ಕೆ ಹಲಗೆಯನ್ನು ಕೊಟ್ಟು ತಳವನ್ನು ಸಮ ಮಾಡಿದಳು. ಪಟ್ಟಿಯ ಕೆಳಗೆ ಬೆಳಕು ಸತ್ತ ಮೇಲೆ ಅರ ಹಿಡಿದಳು. ತಳದ ಕಡೆ ಅಂಚಿಗೆ ಕಂಡೂ ಕಾಣದಷ್ಟು ಓರೆ, ಬದಿಗೆ ಅದಕ್ಕಿಂತ ಹೆಚ್ಚು. ಮೊಂಡಾದ ತುದಿಗಳನ್ನು ಕೂದಲೆಳೆ ಕೂದಲೆಳೆಯಾಗಿ ತೆಗೆದು ಮತ್ತೆ ಹರಿತ ಮಾಡಿದಳು, ರಬ್ಬರು ಕಲ್ಲಿನಿಂದ ಸಿಬಿರು ತೆಗೆದಳು. ಆಮೇಲೆ ಮೇಣವನ್ನು ಇಸ್ತ್ರಿಪೆಟ್ಟಿಗೆಯಿಂದ ಕರಗಿಸಿ ಕುಡಿಸಿ, ಕೆರೆದು, ಮತ್ತೆ ಕುಡಿಸಿದಳು. ಮೂರು ಸಲ. ಕೊನೆಗೆ ತನ್ನ ಉಗುರನ್ನು ಅಂಚಿಗೆ ತಾಗಿಸಿ ಎಳೆದಾಗ ಉಗುರಿನಿಂದ ಬಿಳಿ ಪುಡಿ ಉದುರಿತು.

"ಇನ್ನು ಮೇಲೆ ಹಿಮ್ಮಡಿ ತಳ್ಳಿದ್ರೆ ನಿನ್ನ ಕಾಲು ಮುರೀತೀನಿ. ತಳ್ಬೇಡ. ಹಲಗೇನ ಅಂಚಿನ ಮೇಲೆ ಓರೆ ಮಾಡು, ಸುಮ್ನೆ ಕಾಯಿ. ಅದೇ ತಿರುಗುತ್ತೆ."

"ಎಷ್ಟು ಹೊತ್ತು ಕಾಯೋದು?"

"ಹೆದರಿಕೆ ಆಗೋ ತನಕ. ಆಮೇಲೆ ಇನ್ನೂ ಸ್ವಲ್ಪ."

ದಿನಾ ಬೆಳಿಗ್ಗೆ ಎಂಟಕ್ಕೆ ಅವನು ಓರೆ ಮಾಡಿ ಕಾದ. ಮೊದಲ ವಾರ ಹೆದರಿಕೆ ಬಂದ ಕೂಡಲೇ ಹಿಮ್ಮಡಿ ತಾನಾಗಿ ತಳ್ಳುತ್ತಿತ್ತು. ಎರಡನೇ ವಾರದ ಒಂದು ಬೆಳಿಗ್ಗೆ ತಳ್ಳಲಿಲ್ಲ. ಹಲಗೆ ಅವನ ಕೆಳಗೆ ಬಾಗಿತು, ಬಿಲ್ಲಿನಂತೆ ತುಂಬಿಕೊಂಡಿತು, ಒಂದು ತಿರುವಿನಿಂದ ಇನ್ನೊಂದಕ್ಕೆ ಅವನನ್ನು ಎತ್ತಿ ಹಾಕಿತು. ನಿಂತು ತಿರುಗಿ ನೋಡಿದ. ಅವನ ಹಳೆಯ ಜಾಡು ಹುಲ್ಲಿನ ಬಂಡಿ ಉರುಳಿಸಿದಷ್ಟು ಅಗಲವಿರುತ್ತಿತ್ತು. ಈಗ ಹಿಮದ ಮೇಲಿದ್ದದ್ದು ಚಾಕುವಿನಿಂದ ಎಳೆದಂಥ ಎರಡು ಗೆರೆ. ತನ್ನವೇ ಎಂದು ನಂಬಲು, ಬೇರೆ ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿದ.

ಸಂಜೆ ಮನೆಯಲ್ಲಿ ಹಲಗೆಗಳನ್ನು ಒರೆಸಿಟ್ಟ. ಊಟಕ್ಕೆ ಎರಡರ ಬದಲು ನಾಲ್ಕು ಉಂಡೆ ತಿಂದ.

ಕೊನೆಯ ದಿನ ಬಿಸಿಲಿತ್ತು. ನಾಲ್ಕು ಗಂಟೆಗೆ ಹದಿನೆಂಟು ಜನ ಮೇಲೆ ನಿಂತರು. ಬಲೆಯ ಕತೆ ಎಲ್ಲರಿಗೂ ಗೊತ್ತಿತ್ತು. ಕೆಳಗೆ ಬಾಟಲಿ ಹಿಡಿದು ಕಾಯುವುದು ಯಾವಾಗಲೂ ಆಫ್ರಾಳ ಪಾಲು.

"ಮುಂದಾಳೇ, ಈ ಸಲ ಕೆಳಗೇ ತಾನೆ ಹೋಗೋದು?" ವಿಗಿಲ್ ಕೇಳಿದ. ಎಲ್ಲರೂ ನಕ್ಕರು.

"ಹಿಂದೆ ಬಾ, ಗೊತ್ತಾಗುತ್ತೆ" ಎಂದು ವೆಂಡೆಲಿನ್ ಹಲಗೆಯನ್ನು ಬಿಟ್ಟ.

ಓರೆ ಮಾಡಿದ, ಕಾದ. ಮೊದಲ ತಿರುವು, ಎರಡನೆಯದು, ಮೂರನೆಯದು. ಬೀಳಲಿಲ್ಲ. ಇಳಿಜಾರು ಕಡಿದಾಗುವಲ್ಲಿ ಮೈಯನ್ನು ಇನ್ನೂ ಒಳಕ್ಕೆ ಒರಗಿಸಿದ. ಒಳಗಿನ ಕೈ ಹಿಮವನ್ನು ಸವರಿತು. ಇಡೀ ಬೆಟ್ಟ ಅವನ ಕಾಲಡಿಯಲ್ಲಿ ಒಂದೇ ಉಸಿರಿನಲ್ಲಿ ಮುಗಿಯಿತು. ಕೆಳಗೆ ತಲುಪಿ, ಎದೆ ಉಬ್ಬಿಸಿ, ಹಿಂದಿನವರಿಗೆ ಜಾಗ ಬಿಡಲು ಪಕ್ಕಕ್ಕೆ ಸರಿದ.

ಹಿಂದೆ ಯಾರೂ ಇರಲಿಲ್ಲ.

ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ವಿಗಿಲ್ ಕಿತ್ತಳೆ ಬಲೆಯಲ್ಲಿದ್ದ. ಮೂರನೇ ತಿರುವಿನಲ್ಲಿ ಆ ಗೆರೆಯ ಮೇಲೆ ನಿಲ್ಲಲು ಹೋಗಿ ಅವನ ಹಳೇ ಬಗೆಯ ನೇರ ಹಲಗೆ ನೇರಕ್ಕೇ ಹೋಗಿತ್ತು. ಉಳಿದವರು ಇಳಿಜಾರಿನ ತುಂಬ ಚೆಲ್ಲಿದ ಹುರುಳಿಯ ಹಾಗಿದ್ದರು. ವೆಂಡೆಲಿನ್ ಬಾಯಿ ತೆರೆದು ನೋಡುತ್ತಿದ್ದ ಹಾಗೇ ಬುರ್ಗಿ ಮೊದಲು ಅಲ್ಲಾಡಿದಳು. ಅವನ ಗೆರೆಯನ್ನು ಬಿಟ್ಟು, ಹಿಮ್ಮಡಿ ತಳ್ಳಿ, ಬಂಡಿಯಗಲದ ಒಂದು ತಿರುವು ಹಾಕಿದಳು. ಪಕ್ಕದಲ್ಲಿದ್ದವನು ಅವಳ ಹಿಂದೆ ಸೇರಿದ. ಇನ್ನೊಬ್ಬ ಸೇರಿದ. ವಿಗಿಲ್ ಬಲೆಯಿಂದ ಬಿಡಿಸಿಕೊಂಡು ಬಾಲಕ್ಕೆ ಅಂಟಿಕೊಂಡ. ಹದಿನೇಳು ಜನ ಹಗ್ಗಕ್ಕೆ ಪೋಣಿಸಿದಂತೆ, ನಿಧಾನವಾಗಿ, ಒಬ್ಬರ ಜಾಡಿನಲ್ಲಿ ಒಬ್ಬರು ಇಳಿದು ಬಂದರು. ಅಂಥ ಚೆಂದದ ಸಾಲನ್ನು ವೆಂಡೆಲಿನ್ ಕಂಡೇ ಇರಲಿಲ್ಲ. ಮುಂದಿರುವವನಿಗೆ ಸಾಲು ಕಾಣುವುದಿಲ್ಲವಲ್ಲ.

ಆಫ್ರಾ ಬಟ್ಟಲು ತುಂಬಿಸಿದಳು. ಗಂಡನ ಮುಂದೆಯೇ ಹಾದುಹೋಗಿ ಬುರ್ಗಿಯ ಕೈಗೆ ಕೊಟ್ಟಳು.

"ಆಫ್ರಾ!" ಅಂದ ವೆಂಡೆಲಿನ್.

"ಪದ್ಧತಿ ಅಂದ್ರೆ ಪದ್ಧತಿ. ಸಾಲು ಯಾರ ಹಿಂದೆ ಬಂತು?"

"ನಾನು ಬೀಳಲಿಲ್ಲ! ಒಂದು ಸಲಾನೂ ಬೀಳಲಿಲ್ಲ!"

"ಬಿದ್ದಿದ್ರೆ ಎತ್ಕೊಂಡು ಬರ್ತಿದ್ವಿ. ನೀನು ಬಿಟ್ಟು ಹೋದೆ" ಅಂದಳು ಬುರ್ಗಿ. ಬಟ್ಟಲನ್ನು ಅವಳಿನ್ನೂ ಬಾಯಿಗೆ ಎತ್ತಿರಲಿಲ್ಲ. ಅವಳಿಗೂ ಇದು ಬೇಕಿರಲಿಲ್ಲ.

"ನೀನೇ ತಾನೆ ಹದ ಮಾಡಿದ್ದು!"

"ಹಲಗೆ ಹದ ಮಾಡಿದೆ. ಇಷ್ಟು ಓಡ್ತೀಯ ಅಂತ ಯಾರಿಗೆ ಗೊತ್ತಿತ್ತು?"

ಯಾರೂ ನಗಲಿಲ್ಲ. ವಿಗಿಲ್ ಕೂಡ ನಗಲಿಲ್ಲ. ಅವನು ಇಳಿಜಾರಿನ ಆ ಎರಡು ಗೆರೆಗಳನ್ನು ನೋಡುತ್ತ, "ಅದು ನೀನು ಹಾಕಿದ್ದಾ?" ಎಂದು ಮೆಲ್ಲಗೆ ಕೇಳಿದ.

ಹತ್ತೊಂಬತ್ತು ವರ್ಷದ ಪದವಿ ಒಂದೂವರೆ ನಿಮಿಷದಲ್ಲಿ ಹೋಗಿತ್ತು. ಅಳಬೇಕೋ ಬೈಯಬೇಕೋ ವೆಂಡೆಲಿನ್‌ಗೆ ತಿಳಿಯಲಿಲ್ಲ. ಆಮೇಲೆ ಲಿಫ್ಟಿನ ಕಡೆಗೆ ತಿರುಗಿದ.

"ಎಲ್ಲಿಗೆ?" ಅಂದಳು ಆಫ್ರಾ.

"ಮೇಲಕ್ಕೆ. ಇನ್ನೊಂದು ಸಲ."

"ಲಿಫ್ಟು ನಿಂತಿದೆ ಮಾರಾಯ. ಈ ವರ್ಷದ್ದು ಮುಗೀತು."

"ವಿಗಿಲ್, ಗುಂಡಿ ಒತ್ತು."

ಒಬ್ಬನಿಗಾಗಿ ನೂರಾ ಹತ್ತು ಕುರ್ಚಿ ತಿರುಗಿಸುವುದೇ? ಖಾಲಿ ಕುರ್ಚಿ ನಾಲ್ಕು ಸುತ್ತು ತಿರುಗಿದರೆ ಕರೆಂಟು ದಂಡ ಎಂದು ಮೂವತ್ತನಾಲ್ಕು ವರ್ಷ ಕೆಳಗಿನವರಿಗೆ ಫೋನಿನಲ್ಲಿ ಬೈಯುತ್ತಿದ್ದವನು ಇವನೇ. ವಿಗಿಲ್ ಒಮ್ಮೆ ಅವನ ಮುಖ ನೋಡಿ ಗುಂಡಿ ಒತ್ತಿದ. ಕುರ್ಚಿಗಳು ಕಿರ್ರೆಂದು ಹೊರಟವು. ಆಫ್ರಾಳೂ ಸೇರಿ ಹದಿನೆಂಟು ಜನ ಬಟ್ಟಲು ಕೈಯಲ್ಲೇ ಹಿಡಿದು, ನೇರಳೆ ಹಲಗೆಗಳು ಗಾಳಿಯಲ್ಲಿ ತೂಗಾಡುತ್ತ ಮೇಲೆ ಹೋಗುವುದನ್ನು ನೋಡಿದರು.