‘ಊಟ ಆತೇನ್ರಿ?’ ಎಂದು ಶುರುವಾಗುವ ತುರ್ತು ಚಿಕಿತ್ಸೆ

ಬೆಳಗಿನ ಐದೂವರೆ. ಇಳಕಲ್ಲಿನ ಖಾಸಗಿ ಆಸ್ಪತ್ರೆಯೊಂದರ ತುರ್ತು ವಿಭಾಗದ ಮುಂದೆ ಬೈಕೊಂದು ಬಂದು ನಿಲ್ಲುತ್ತದೆ. ಇಬ್ಬರ ನಡುವೆ ಕೂರಿಸಿಕೊಂಡು ತಂದ ನೇಕಾರ ಕಳಕಪ್ಪನವರ ತಲೆ ವಾಲಿದೆ, ಅಂಗಿ ಬೆವರಿನಲ್ಲಿ ತೊಯ್ದಿದೆ. "ಲಕ್ವಾ ಹೊಡದೈತ್ರಿ" ಎಂದು ಮಗ ಬಸು ಗಾಬರಿಯಾಗಿದ್ದಾನೆ. ನರ್ಸ್ ಭಾಗ್ಯಾ ರೋಗಿಯ ಕೈ ಹಿಡಿದು, ಕಿವಿಯ ಹತ್ತಿರ ಬಾಗಿ ಕೇಳುತ್ತಾರೆ: "ಕಾಕಾ, ಊಟ ಆತೇನ್ರಿ?"

ಜೀವ ಹೋಗುವ ಹೊತ್ತಿನಲ್ಲಿ ಇದೆಂಥ ಉಪಚಾರದ ಮಾತು ಎಂದು, ವರದಿಗೆಂದು ಬಂದು ಮೂಲೆಯಲ್ಲಿ ನಿಂತ ನನಗೆ ಸಿಟ್ಟೇ ಬರುತ್ತದೆ. ಕಳಕಪ್ಪ ತೊದಲುತ್ತಾರೆ, ಮಾತು ಹೊರಡುವುದಿಲ್ಲ. ಸೀರೆ ಮುಗಿಸುವ ಅವಸರದಲ್ಲಿ ಅಪ್ಪ ರಾತ್ರಿ ಸಕ್ಕರೆ ಕಾಯಿಲೆಯ ಗುಳಿಗೆಯನ್ನಷ್ಟೇ ನುಂಗಿ ಮಲಗಿದರು, ರೊಟ್ಟಿ ಮುಟ್ಟಲಿಲ್ಲ ಎಂದು ಬಸು ಹೇಳುತ್ತಾನೆ. ಅಷ್ಟರಲ್ಲಿ ಭಾಗ್ಯಾ ಬೆರಳಿಗೆ ಸೂಜಿ ಚುಚ್ಚಿ ನೋಡಿಯಾಗಿದೆ. ರಕ್ತದ ಸಕ್ಕರೆ ಬರೀ ಮೂವತ್ತೆಂಟಕ್ಕೆ ಕುಸಿದಿದೆ! ಡ್ಯೂಟಿ ಡಾಕ್ಟರ್ ಹೇಳಿದ್ದೇ ತಡ, ನರಕ್ಕೆ ಗ್ಲೂಕೋಸ್ ಇಳಿಯುತ್ತದೆ. ಹತ್ತು ನಿಮಿಷಕ್ಕೆ ಕಳಕಪ್ಪ ಕಣ್ಣು ಬಿಟ್ಟು, "ಇಲ್ಲವ್ವಾ, ಉಂಡಿಲ್ಲ" ಎನ್ನುತ್ತಾರೆ. ಬಸು ನಕ್ಕವನೇ ಅಳತೊಡಗುತ್ತಾನೆ.

"ಇವತ್ತ ಮನಿಗೆ ಬಿಡಾಂಗಿಲ್ಲ. ಗುಳಿಗಿ ಕೆಲಸ ಇನ್ನೂ ಮುಗದಿಲ್ಲ, ಸಕ್ಕರಿ ಹೊಳ್ಳಿ ಇಳೀಬಹುದು" ಎಂದು ಭಾಗ್ಯಾ ಅವನಿಗೆ ತಿಳಿಹೇಳುತ್ತಾರೆ.

ಗುಡೂರಿನ ಕುರಿಗಾಹಿ ಮನೆತನದ ಭಾಗ್ಯಾರಿಗೆ ಈಗ ನಲವತ್ತಮೂರು. ಈ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಕಳೆದಿದ್ದಾರೆ. ಒಂದು ಪಾಳಿಗೆ ಇಪ್ಪತ್ತು, ಇಪ್ಪತ್ತೈದು ಮಂದಿ ಬರುತ್ತಾರೆ: ಹಾವು ಕಡಿದವರು, ಎದೆ ಹಿಡಿದುಕೊಂಡವರು, ಉಸಿರು ಕಟ್ಟಿದ ಮಕ್ಕಳು. ಮೊದಲ ಪಾಠ ಕಲಿಸಿದ್ದು ಅಪ್ಪ ಕನಕಪ್ಪ. "ಜಡ್ಡಾದ ಕುರಿ ಒದರಾಂಗಿಲ್ಲ, ಸುಮ್ಮನ ನಿಂದರ್ತೈತಿ ಅಂತಿದ್ದ ನಮ್ಮಪ್ಪ. ಇಲ್ಲೂ ಹಂಗರಿ. ಚೀರಾವ್ರನ್ನ ಬಿಟ್ಟು ಮೊದಲ ಸುಮ್ಮನಿದ್ದಾವ್ರ ಕಡಿ ಹೋಗ್ತೇನಿ."

ಊಟದ ಪ್ರಶ್ನೆ ಮಾತ್ರ ಅವರದೇ. "ಮಾತಾಡಿದ್ರ ಉಸರ ಆಡತೈತಿ ಅಂತ ಖಾತ್ರಿ. ತೊದಲಿದ್ರ ಬಾಯಿ ಸೊಟ್ಟಾಗೈತೇನ ನೋಡ್ಬೇಕು. ಉಂಡಿಲ್ಲ ಅಂದ್ರ ಸಕ್ಕರಿ ನೋಡ್ಬೇಕು. ಒಂದ ಮಾತಿನಾಗ ಭಾಳ ತಿಳೀತೈತ್ರಿ."

ಇಷ್ಟು ತಿಳಿದವರಿಗೂ ಪರೀಕ್ಷೆ ತಪ್ಪಿಲ್ಲ. ತುರ್ತು ಶುಶ್ರೂಷೆಯ ವಿಶೇಷ ಪರೀಕ್ಷೆ ಪಾಸಾದವರಿಗಷ್ಟೇ ಜೂನ್‌ನಿಂದ ಈ ಕೋಣೆ, ಉಳಿದವರು ಚೀಟಿ ಬರೆಯುವ ಕೌಂಟರಿಗೆ ಎಂದು ಆಸ್ಪತ್ರೆ ಹೇಳಿದೆ. ಇರುವುದು ಮೂರೇ ಅವಕಾಶ. ಮೊದಲ ಸಲ ಇಂಗ್ಲಿಷ್ ಪ್ರಶ್ನೆಪತ್ರಿಕೆ ಕೈಕೊಟ್ಟಿತು. ಎರಡನೆಯ ಸಲ ಬರವಣಿಗೆ ದಾಟಿದರು. ಪ್ರಾಯೋಗಿಕದಲ್ಲಿ ಮಂಚದ ಮೇಲಿದ್ದ ರಬ್ಬರ್ ಗೊಂಬೆಯ ಕೈ ಹಿಡಿದು, "ಊಟ ಆತೇನ್ರಿ?" ಎಂದು ಕೇಳಿ ಉತ್ತರಕ್ಕೆ ಕಾದು ನಿಂತುಬಿಟ್ಟರು! ಪರೀಕ್ಷಕರು ನಕ್ಕರು, ಗಡಿಯಾರ ಓಡಿತು. ಎರಡೇ ಅಂಕ ಕಡಿಮೆ ಬಿತ್ತು.

ಕಡೆಯ ಅವಕಾಶ ಬರುವ ತಿಂಗಳು. ಬಿಡುವಿದ್ದಾಗ ಜೊತೆಗಾತಿ ಗೌಸಿಯಾ ಬೆಂಚಿನ ಮೇಲೆ ಗೊಂಬೆಯಾಗಿ ಮಲಗುತ್ತಾರೆ. ಭಾಗ್ಯಾ ಭುಜ ತಟ್ಟಿ, ಉಸಿರು ನೋಡಿ, ನಾಡಿ ಹಿಡಿಯುವಷ್ಟರಲ್ಲಿ ಆ ಮಾತು ಬಾಯಿಗೆ ಬಂದೇ ಬಿಡುತ್ತದೆ. "ಆತ್ರೀ, ಎರಡ ರೊಟ್ಟಿ!" ಎಂದು ಗೊಂಬೆ ಎದ್ದು ಕೂರುತ್ತದೆ. ಇಬ್ಬರೂ ಹೊಟ್ಟೆ ಹಿಡಿದು ನಗುತ್ತಾರೆ. ನಗು ನಿಂತ ಮೇಲೂ ಭಾಗ್ಯಾ ಕಣ್ಣು ಒರೆಸಿಕೊಳ್ಳುತ್ತಲೇ ಇರುತ್ತಾರೆ.

ಒಂದು ಕೋಣೆಗಾಗಿ ಮನುಷ್ಯರು ಇಷ್ಟು ಹಂಬಲಿಸುವುದನ್ನು ನಾನು ಕಂಡಿಲ್ಲ, ನೋಡಿ ಸಂಕಟವಾಗುತ್ತದೆ. ರಜೆಯ ದಿನ ಊರ ರಸ್ತೆಯಲ್ಲಿ ಆಂಬುಲೆನ್ಸ್ ಸದ್ದಾದರೆ, ಕೈಯಲ್ಲಿ ಹಿಟ್ಟಿದ್ದರೂ ಭಾಗ್ಯಾ ಅಂಗಳಕ್ಕೆ ಓಡಿಬರುತ್ತಾರಂತೆ.

ಈ ಸಲವಾದರೂ ಗೊಂಬೆಯನ್ನು ಕೇಳುವುದಿಲ್ಲವಲ್ಲ ಎಂದು ಛೇಡಿಸುತ್ತೇನೆ.

"ಬಾಯಿ ಕಟ್ಟಿಕೊಂಡ ಹೋಗ್ತೇನ್ರಿ" ಎನ್ನುತ್ತಾರೆ. ಆಮೇಲೆ ದನಿ ಇಳಿಯುತ್ತದೆ. "ಬಡ್ತಿ ಬ್ಯಾಡ್ರಿ ನಂಗ. ಈ ಬಾಗಲಾ ತೆರದಾಗ ಮೊದಲ ಎದ್ದು ಹೋಗಾಕಿ ನಾನ ಆಗಬೇಕು."